ಕೆಂಪುಗಡ್ಡದವನ ವೇಗ

ಆ ಗುಂಡಿಯನ್ನು ಒತ್ತಿದವನು ನಾನು. ಇದನ್ನು ಕೊನೆಯವರೆಗೆ ಮುಚ್ಚಿಟ್ಟು, ನಿಮ್ಮನ್ನು ಒಂದಿಷ್ಟು ಸತಾಯಿಸಿ, ಆಮೇಲೆ ಹೇಳಬಹುದಿತ್ತು. ಆದರೆ ಹದಿಮೂರು ವರ್ಷ ಮುಚ್ಚಿಟ್ಟ ಮೇಲೆ ಇನ್ನೂ ನಾಲ್ಕು ಪುಟ ಮುಚ್ಚಿಡುವ ತಾಕತ್ತು ನನ್ನಲ್ಲಿ ಉಳಿದಿಲ್ಲ. ಒತ್ತಿದ್ದು ಎಡಗೈಯ ಕಿರುಬೆರಳಿನಲ್ಲಿ. ಒಮ್ಮೆಯಲ್ಲ, ಏಳೆಂಟು ತಿಂಗಳ ಕಾಲ, ಪ್ರತಿ ಆಯ್ತವಾರ. ಇನ್ನು ನೀವು ನನ್ನನ್ನು ಬೈಯುತ್ತಲೇ ಓದಬಹುದು. ನನ್ನ ಅಮ್ಮ ನನ್ನನ್ನು ಬೈಯುತ್ತಲೇ ಬಡಿಸುತ್ತಾಳೆ. ಅನ್ನದ ರುಚಿ ಅದರಿಂದ ಕೆಟ್ಟದ್ದಿಲ್ಲ.

ಇದೆಲ್ಲ ಎದ್ದು ಕೂತದ್ದು ಮೊನ್ನೆ ಗುರುವಾರ, ಬ್ರಹ್ಮಾವರದ ಬಸ್ ನಿಲ್ದಾಣದಲ್ಲಿ. ಒಂದು ಮದುವೆಯ ಆರತಕ್ಷತೆಯಲ್ಲಿ ಮಿಮಿಕ್ರಿ ಮುಗಿಸಿ (ನನ್ನ ಹೊಟ್ಟೆಪಾಡು ಅದೇ: ಇನ್ನೊಬ್ಬರ ದನಿಯಲ್ಲಿ ಮಾತಾಡಿ ಮತ್ತೊಬ್ಬರನ್ನು ನಗಿಸುವುದು) ಕುಂದಾಪುರದ ಬಸ್ಸಿಗೆ ಕಾಯುತ್ತಿದ್ದೆ. ಮೊಬೈಲು ಟಣ್ ಎಂದಿತು. ತ್ರಾಸಿಯಿಂದ ಸುಧಾಕರ ಒಂದು ವಿಡಿಯೊದ ಕೊಂಡಿ ಕಳಿಸಿದ್ದ. ಕೆಳಗೆ ಮೂರು ಸಾಲು: "ಅದೇ ಸಿಕ್ತ್ ಕಾಣ್. ನಾ ಇನ್ನೂ ಕಾಣ್ಲಿಲ್ಲೆ. ಆಯ್ತವಾರ ಬಾ, ಐತಾಳನೂ ಬತ್ತ, ಒಟ್ಟಿಗೆ ಕಾಂಬ."

ನಾನು ಕೊಂಡಿ ಒತ್ತಿದೆ. ಕತ್ತಲೆಯ ವೇದಿಕೆ, ಕೆಂಪು ದೀಪ, ಸಮುದ್ರದಂತೆ ಅಲುಗುವ ತಲೆಗಳು, ಹಿಂದೆ ಎತ್ತರದಲ್ಲಿ, ಡ್ರಮ್ಮುಗಳ ನಡುವೆ, ತಾಮ್ರದ ಬಣ್ಣದ ಗಡ್ಡ ಬಿಟ್ಟ ಒಬ್ಬ ಮನುಷ್ಯ. ಪರದೆಯ ಮೂಲೆಯಲ್ಲಿ ಮೂರು ಚುಕ್ಕಿ. ಅದನ್ನು ಮುಟ್ಟಿದರೆ 'ವೇಗ' ಎಂಬ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಹೆಚ್ಚು ಬೇಕೆ, ಕಮ್ಮಿ ಬೇಕೆ, ಎಂದು ವಿನಯದಿಂದ ಕೇಳುತ್ತದೆ. ನನ್ನ ಕಿರುಬೆರಳು ಚಳಿಗೆ ಸಿಕ್ಕಂತೆ ಮಡಚಿಕೊಂಡಿತು. ಎದುರಿಗೆ ಬಂದು ನಿಂತ ಬಸ್ಸನ್ನು ಹತ್ತಲು ಮರೆತೆ.

ಆ ವಿಡಿಯೊದ ಹೆವಿ ಮೆಟಲ್ ಬ್ಯಾಂಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಅಭಿಮಾನಿಗಳು ಇವತ್ತಿಗೂ ಜೀವಂತ ಇದ್ದಾರೆ, ಮತ್ತು ಅವರಿಗೆ ನಗು ಬರುವುದು ಕಡಿಮೆ. ಎಲ್ಲೋ ಉತ್ತರದ ಹಿಮದ ದೇಶದವರು ಎಂದಿಟ್ಟುಕೊಳ್ಳಿ. ಈ ಸಂಗೀತ ಕೇಳದವರಿಗೆ ಹೇಗೆ ವಿವರಿಸಲಿ? ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ರಕ್ಕಸನ ಬಣ್ಣದ ವೇಷ ರಂಗಕ್ಕೆ ಬರುವ ಮೊದಲು ದೂರದಿಂದಲೇ ಕೂಗುತ್ತದಲ್ಲ, ಆ ಕೂಗು ನಾಲ್ಕೂವರೆ ನಿಮಿಷ ನಿಲ್ಲದೆ ಮುಂದುವರಿದರೆ ಅದು ಹಾಡು. ಕೆಳಗೆ ಚೆಂಡೆಯವನಿಗೆ ಹುಚ್ಚು ಹಿಡಿದರೆ ಅದು ಡ್ರಮ್ಮು. ನಮಗೆ ಅದು ಸಲೀಸಾಗಿ ಹಿಡಿಸಿದ್ದಕ್ಕೆ ಇದೇ ಕಾರಣ ಇರಬೇಕು.

ನಮಗೆ ಎಂದರೆ ಮೂವರಿಗೆ. ಮೊದಲನೆಯವ ಐತಾಳ. ಸಾಲಿಗ್ರಾಮದ ಹತ್ತಿರದ ಒಂದು ದೇವಸ್ಥಾನದ ಪೂಜೆಯ ಮನೆತನ. ಬೆಳಿಗ್ಗೆ ಅಪ್ಪನ ಜೊತೆ ಗರ್ಭಗುಡಿಯ ಕೆಲಸ, ಮಧ್ಯಾಹ್ನದ ಮೇಲೆ ಎದೆಯ ಮೇಲೆ ತಲೆಬುರುಡೆ ಇರುವ ಕಪ್ಪು ಅಂಗಿ. ಅವನ ಅಮ್ಮ ಅದನ್ನು ಒಗೆದು, ಒಳಮಗ್ಗುಲು ಹೊರಗೆ ಮಾಡಿ ಒಣಗಿಸುತ್ತಿದ್ದರು, ಪ್ರದಕ್ಷಿಣೆ ಬಂದವರಿಗೆ ಬುರುಡೆ ಕಾಣದಿರಲಿ ಎಂದು. ಐತಾಳನಿಗೆ ಗಿಟಾರು ಬರುತ್ತಿತ್ತು. ಅದಕ್ಕಿಂತ ಚೆನ್ನಾಗಿ ಅಭಿಪ್ರಾಯ ಬರುತ್ತಿತ್ತು.

ಎರಡನೆಯವ ಸುಧಾಕರ. ತ್ರಾಸಿಯ ಮೀನುಗಾರರ ಮನೆಯ ಹುಡುಗ. ಅಪ್ಪ ಇಲ್ಲ, ತಾಯಿ ಗಿರಿಜಕ್ಕ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುತ್ತಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದೋಣಿಯ ಇಂಜಿನ್ ರಿಪೇರಿ ಕಲಿತಿದ್ದ. ಮಾತು ಕಮ್ಮಿ. ನಾವು ಹತ್ತು ಮಾತಾಡುವಷ್ಟರಲ್ಲಿ ಅವನು ಒಂದು ನಟ್ಟು ಬಿಚ್ಚಿರುತ್ತಿದ್ದ.

ಮೂರನೆಯವ ನಾನು. ನನಗೆ ಸಂಗೀತ ಬರುವುದಿಲ್ಲ. ನನಗೆ ಬರುವುದು ಇನ್ನೊಬ್ಬರ ಹಾಗೆ ಆಗುವುದು. ಆ ಬ್ಯಾಂಡಿನ ಗಾಯಕನ ಗರ್ಜನೆಯನ್ನು ಎರಡೇ ದಿನದಲ್ಲಿ ತೆಗೆದು ತೋರಿಸಿದ್ದರಿಂದ ನಮ್ಮ ಮೂವರ ಬ್ಯಾಂಡಿಗೆ ನಾನೇ ಗಾಯಕ ಎಂದಾಯಿತು. ಮನೆಯಲ್ಲಿ ಅಭ್ಯಾಸ ಮಾಡುವಾಗ ಅಮ್ಮ ಬಾಗಿಲಾಚೆಯಿಂದ "ಹೊಟ್ಟಿ ಸಮ ಇಲ್ಯಾ?" ಎಂದು ಓಮದ ನೀರು ಕುದಿಸುತ್ತಿದ್ದಳು.

ಇಲ್ಲಿ ನಮ್ಮ ಕಡೆಯ ಒಂದು ರೋಗದ ಬಗ್ಗೆ ಹೇಳಬೇಕು. ನಮ್ಮಲ್ಲಿ ಆಟ ನೋಡುವುದು ಅರ್ಧ ಕೆಲಸ ಮಾತ್ರ. ಮರುದಿನ ಹೋಟೆಲಿನ ಬೆಂಚಿನಲ್ಲಿ ಕೂತು ಹಾಡುವ ಭಾಗವತರಿಂದ ಹಿಡಿದು ದೀಪ ಹಿಡಿದವನ ತನಕ ಎಲ್ಲರ ಬಗ್ಗೆ ತೀರ್ಪು ಕೊಡುವುದು ಉಳಿದರ್ಧ. ಕೊಟ್ಟ ತೀರ್ಪನ್ನು ವಾಪಸು ತೆಗೆದುಕೊಂಡವನು ಈ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲ. ಒಬ್ಬ ವೇಷಧಾರಿ ಗಿರಕಿ ಒಂದು ಸುತ್ತು ಕಮ್ಮಿ ಹೊಡೆದನೇ ಇಲ್ಲವೇ ಎಂಬ ವಿಷಯಕ್ಕೆ ನನ್ನ ಅಜ್ಜ ಮತ್ತು ಪಕ್ಕದ ಮನೆಯ ಶೀನಜ್ಜ ಎರಡು ಮಳೆಗಾಲ ಮಾತು ಬಿಟ್ಟಿದ್ದರು. ಮೂರನೇ ಮಳೆಗಾಲದಲ್ಲಿ ಮಾತಾಡಿದರು, ಆದರೆ ಗಿರಕಿಯ ಬಗ್ಗೆ ಅಲ್ಲ. ನಾವು ಮೂವರು ಹಿಮದ ದೇಶದ ಬ್ಯಾಂಡಿನ ಅಭಿಮಾನಿಗಳಾದರೂ ರಕ್ತ ಅದೇ.

ಎರಡು ಸಾವಿರದ ನಾಲ್ಕನೇ ಇಸವಿ. ಕುಂದಾಪುರದಲ್ಲಿ ನನ್ನ ಭಾವನ ಕಂಪ್ಯೂಟರ್ ಸೆಂಟರ್ ಇತ್ತು. ಆಯ್ತವಾರ ಅದಕ್ಕೆ ರಜೆ, ಬೀಗದ ಕೈ ನನ್ನಲ್ಲಿ. ಐತಾಳನ ಅತ್ತೆಯ ಮಗ ಮುಂಬಯಿಯಿಂದ ಬರುವಾಗ ಆ ಬ್ಯಾಂಡಿನ ಲೈವ್ ಕಚೇರಿಯ ಒಂದು ವಿಸಿಡಿ ತಂದಿದ್ದ. ಅಸಲಿಯಲ್ಲ, ನಕಲಿನ ನಕಲು. ಐತಾಳ ಅದನ್ನು ಬಾಳೆಲೆಯಲ್ಲಿ ಪ್ರಸಾದ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಮೂವರೂ ಕುರ್ಚಿ ಎಳೆದು ಕೂತೆವು.

ಮೊದಲ ಎರಡು ಹಾಡಿಗೆ ಐತಾಳ ಬಾಯಿ ಮುಚ್ಚಲಿಲ್ಲ. ಗಿಟಾರಿನವ ಇಲ್ಲಿ ಬೆರಳು ಹೇಗೆ ಎಳೆದ, ಅಲ್ಲಿ ಹೇಗೆ ತಪ್ಪಿದ, ಕ್ಯಾಸೆಟ್ಟಿನಲ್ಲಿ ಹೇಗಿತ್ತು, ಇಲ್ಲಿ ಹೇಗಾಯಿತು. ನನಗೆ ತಲೆ ಕೆಟ್ಟಿತು. ಕಂಪ್ಯೂಟರಿನ ಆ ಪ್ಲೇಯರಿನಲ್ಲಿ ವೇಗ ಏರಿಸುವ ಒಂದು ಗುಂಡಿ ಇದ್ದದ್ದು ನನಗೆ ಗೊತ್ತಿತ್ತು. ಒಮ್ಮೆ ಒತ್ತಿದರೆ ಹತ್ತು ಹೆಜ್ಜೆ ಇಡುವಲ್ಲಿ ಹನ್ನೊಂದು ಹೆಜ್ಜೆ. ಮೂರನೇ ಹಾಡು, ಆ ಕೆಂಪುಗಡ್ಡದವನ ಪ್ರಸಿದ್ಧ ಡ್ರಮ್ಮಿನ ಹಾಡು, ಶುರುವಾಗುವ ಮೊದಲು ಕೀಲಿಮಣೆಯ ಮೇಲೆ ನನ್ನ ಕಿರುಬೆರಳು ಸುಮ್ಮನೆ ಮಲಗಿತು. ಐತಾಳ ಈ ಹಾಡನ್ನು ಎರಡು ವರ್ಷದಿಂದ ಅರೆದು ಕುಡಿದವ. ಕೂಡಲೇ ಕಂಡುಹಿಡಿಯುತ್ತಾನೆ, ಇಲ್ಲವೇ ಕಂಡುಹಿಡಿಯುವುದಿಲ್ಲ. ಹೇಗಾದರೂ ನಗಬಹುದು ಎಂಬುದು ನನ್ನ ಲೆಕ್ಕ.

ಹಾಡು ಮುಗಿಯಿತು. ಐತಾಳ ಉಸಿರು ಬಿಟ್ಟ.

"ಕಂಡ್ಯಾ? ಲೈವ್ ಅಂದ್ರೆ ಇದ್. ಕ್ಯಾಸೆಟ್ಟಿಗೆ ಬಾರ್ಸುದ್ ಬೇರೆ, ಎದ್ರ್ ಜನ ಇಪ್ಪತಿಗೆ ಬಾರ್ಸುದ್ ಬೇರೆ. ರಕ್ತ ಬಿಸಿ ಆರೆ ವೇಗ ತನ್ನಷ್ಟಕ್ಕೆ ಏರತ್ತ್."

ನಾನು ಮುಖ ಗಂಟಿಕ್ಕಿಕೊಂಡು ಕೇಳಿದೆ: "ಶ್ರುತಿಯೂ ಒಂಚೂರ್ ಏರ್ದಂಗ್ ಆಯ್ತಲೆ?"

"ಏರ್ಸ್ತ್ರ್ ಮಾರಾಯ. ನಮ್ ಭಾಗವತ್ರ್ ಬೆಳಗಾಪತಿಗೆ ಏರ್ಸುದಿಲ್ಯಾ? ಹಂಗೆ."

ನಗು ಹೊಟ್ಟೆಯಿಂದ ಗಂಟಲಿಗೆ ಬಂತು. ಇನ್ನೊಂದು ಕ್ಷಣ ಕಳೆದಿದ್ದರೆ ಹೊರಗೂ ಬರುತ್ತಿತ್ತು, ಈ ಪ್ರಬಂಧವೂ ಇಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ, ಅಲ್ಲಿಯತನಕ ಒಂದು ಶಬ್ದ ಆಡದಿದ್ದ ಸುಧಾಕರ ಹೇಳಿದ: "ಇನ್ನೊಂದ್ಸಲ ಹಾಕ್."

ಹಾಕಿದೆ. ಅದೇ ವೇಗದಲ್ಲಿ. ಅವನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು, ಕೆಂಪುಗಡ್ಡದವನ ಕಾಲನ್ನೇ ನೋಡಿದ.

ಐತಾಳ ಅವನ ಹೆಗಲು ತಟ್ಟಿದ. "ಅದೆಲ್ಲ ನಮ್ಮವ್ರಿಗೆ ಆಪ್ದಲ್ಲ ಸುಧಾಕರ. ಹಿಮದಗೆ ಬೆಳ್ದವ್ರ್ ಅವ್ರ್. ಅವ್ರ್ ಮೂಳಿಯೇ ಬೇರೆ."

"ಮೂಳಿ ಎಲ್ಲರ್ದೂ ಒಂದೇ," ಎಂದ ಸುಧಾಕರ, ಪರದೆಯಿಂದ ಕಣ್ಣು ತೆಗೆಯದೆ. "ನಾ ಬಾರ್ಸ್ತೆ."

"ಈ ಸ್ಪೀಡಗಾ?"

"ಹ್ಞಾಂ. ಈ ಸ್ಪೀಡಗೆ."

ಐತಾಳ 'ಕಾಂಬ' ಎಂದ. ನಮ್ಮ ಕಡೆ ಆ ಒಂದು ಶಬ್ದಕ್ಕೆ ನೋಡೋಣ ಎಂಬ ಅರ್ಥವೂ ಇದೆ, ನಿನ್ನ ಕೈಯಲ್ಲಿ ಆಗುವುದಿಲ್ಲ ಎಂಬ ಅರ್ಥವೂ ಇದೆ. ಸುಧಾಕರ ಎರಡನ್ನೂ ಕೇಳಿಸಿಕೊಂಡ. ನನ್ನ ನಗು ಗಂಟಲಿನಿಂದ ವಾಪಸು ಹೊಟ್ಟೆಗೆ ಇಳಿಯಿತು. ಅಲ್ಲಿ ಅದು ಎಂಟು ತಿಂಗಳು ಅಜೀರ್ಣವಾಗಿ ಕೂತಿತ್ತು.

ಆ ದಿನವಾದರೂ ಹೇಳಬಹುದಿತ್ತು ಎನ್ನುತ್ತೀರಿ. ಹೌದು. ಆದರೆ ಸುಧಾಕರ ಜೇಬಿನಿಂದ ಒಂದು ಖಾಲಿ ಕ್ಯಾಸೆಟ್ಟು ತೆಗೆದು, "ಇದ್ರಗೆ ಆ ಹಾಡ್ ತುಂಬ್ಸ್ ಕೊಡ್, ಮನ್ಯಗೆ ಕೇಣ್ತೆ," ಎಂದಾಗ ಅವನ ಮುಖ ನೋಡಿದ್ದರೆ ನೀವೂ ಹೇಳುತ್ತಿರಲಿಲ್ಲ. ನಾನು ಕಂಪ್ಯೂಟರಿಗೂ ಟೇಪಿಗೂ ತಂತಿ ಜೋಡಿಸಿ, ಹಾಡನ್ನು ತುಂಬಿಸಿ ಕೊಟ್ಟೆ. ಹತ್ತಕ್ಕೆ ಹನ್ನೊಂದರ ವೇಗದಲ್ಲಿ. ತಮಾಷೆ ಹೋಗಿ ದಸ್ತಾವೇಜಾಯಿತು. ಆಮೇಲೆ ಆಯ್ತವಾರ ಅವನು ಕೆಂಪುಗಡ್ಡದವನ ಕೈಕಾಲು ನೋಡಲು ಬಂದಾಗಲೆಲ್ಲ, ಕ್ಯಾಸೆಟ್ಟಿಗೂ ವಿಡಿಯೊಗೂ ತಾಳೆ ತಪ್ಪಬಾರದಲ್ಲ, ನನ್ನ ಕಿರುಬೆರಳು ತನ್ನ ಸೇವೆ ಸಲ್ಲಿಸುತ್ತಿತ್ತು. ದೇವಸ್ಥಾನದಲ್ಲಿ ಗಂಟೆ ಬಾರಿಸುವವನೂ ಇಷ್ಟು ನಿಷ್ಠೆಯಿಂದ ಬಾರಿಸಲಿಕ್ಕಿಲ್ಲ.

ಸುಧಾಕರನ ಡ್ರಮ್ಮು ಅಂಗಡಿಯಿಂದ ಬಂದದ್ದಲ್ಲ. ಅವನ ಮನೆಯ ಹಿಂದೆ ಬಲೆ ಇಡುವ ಒಂದು ಕೊಟ್ಟಿಗೆ. ಅಲ್ಲಿ ನೀಲಿ ಪ್ಲಾಸ್ಟಿಕ್ ಪೀಪಾಯಿ ಒಂದು, ಬೋರಲು ಹಾಕಿದ ಮೀನಿನ ಪೆಟ್ಟಿಗೆ ಮೂರು, ಹಳೆಯ ಇಂಜಿನ್ನಿನ ತಗಡಿನ ಮುಚ್ಚಳ ಎರಡು. ಎರಡೂ ಕಾಲಿನಿಂದ ಪೀಪಾಯಿಗೆ ಹೊಡೆಯಲು ಸೈಕಲ್ ಚೈನು, ಸ್ಪ್ರಿಂಗು, ಗಾಲಿಯ ಕಡ್ಡಿ ಸೇರಿಸಿ ತಾನೇ ಮಾಡಿದ ಎರಡು ಪೆಡಲು. ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನ ಗೆರೆಗಳು: ಇವತ್ತು ತಪ್ಪದೆ ಎಷ್ಟು ದೂರ ಬಾರಿಸಿದೆ ಎಂಬುದಕ್ಕೆ ಗುರುತು. ಮೊದಲ ವಾರದ ಗೆರೆ ನನ್ನ ಕಿರುಬೆರಳಿನಷ್ಟು ಉದ್ದ ಇತ್ತು. ಆ ಬೆರಳನ್ನೇ ಅಳತೆಗೆ ಯಾಕೆ ತೆಗೆದುಕೊಂಡೆನೋ.

ನಾನು ಹೋದರೆ ಗಿರಿಜಕ್ಕ ಅಂಗಳದಲ್ಲೇ ಹಿಡಿಯುತ್ತಿದ್ದಳು. "ಹ್ವಾಯ್ ಸಂಗೀತಗಾರ್ರೆ, ಒಳ್ಗ್ ಹೋಯ್ನಿ. ನಿಮ್ ದೋಸ್ತ ನನ್ ಮೀನ್ ಪೆಟ್ಗಿ ಹೊಡ್ದ್ ಹೊಡ್ದ್ ತಳ ಕಿತ್ತ್ ಇಟ್ಟಿದ."

ನಾನು ಅವಳದೇ ದನಿಯಲ್ಲಿ, ಅವಳು ಮೀನು ಮಾರುವಾಗ ಕೂಗುವ ಹಾಗೆಯೇ, "ಬಂಗ್ಡೆ ಬೇಕಾ ಬಂಗ್ಡೆ" ಎಂದು ಕೂಗುತ್ತಿದ್ದೆ. ಒಳಗಿದ್ದ ನೆರೆಮನೆಯವರು ಪಾತ್ರೆ ಹಿಡಿದು ಹೊರಗೆ ಬಂದದ್ದೂ ಉಂಟು. ಗಿರಿಜಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತಿದ್ದಳು. "ಸಾಕ್ ಮಗಾ, ನನ್ ದನಿ ನಂಗ್ ವಾಪಸ್ ಕೊಡ್. ನಾಳಿ ಮೀನ್ ಮಾರುಕಿತ್ತ್."

ನಾಲ್ಕನೇ ತಿಂಗಳಿಗೆ ಸುಧಾಕರನ ಬಲಗೈಯ ಮಣಿಕಟ್ಟು ಬಾತುಕೊಂಡಿತು. ಗ್ಯಾರೇಜಿನಲ್ಲಿ ಸ್ಪ್ಯಾನರ್ ಕೈಯಿಂದ ಜಾರಿ, ಯಜಮಾನ ಬೈದ. ಇನ್ನೊಮ್ಮೆ ಜಾರಿದರೆ ಕೆಲಸಕ್ಕೆ ಬರುವುದು ಬೇಡ ಎಂದ. ಮನೆ ನಡೆಯುತ್ತಿದ್ದದ್ದು ಆ ಕೈಯಲ್ಲಿ. ವಂಡ್ಸೆಯಲ್ಲಿ ಉಳುಕಿಗೆ ಎಣ್ಣೆ ತಿಕ್ಕುವ ಒಬ್ಬ ಅಜ್ಜ ಇದ್ದಾರೆಂದು ಗಿರಿಜಕ್ಕ ಹೇಳಿದಳು. ಜೊತೆಗೆ ಹೋದವನು ನಾನು.

ಬಸ್ಸಿನಲ್ಲಿ ಕಿಟಕಿ ಪಕ್ಕ ಅವನು, ಈಚೆ ನಾನು. ಬಾತುಕೊಂಡ ಕೈ ಮಡಿಲಲ್ಲಿ ಯಾರದೋ ಮಗುವಿನ ಹಾಗೆ ಮಲಗಿತ್ತು. ಹೇಳಿಬಿಡಬೇಕು ಎಂದು ನಿಶ್ಚಯಿಸಿದೆ.

"ಸುಧಾಕರ, ಆ ವಿಡಿಯೊ ಇತ್ತಲೆ..."

"ಹ್ಞಾಂ."

"ಅದ್ ಒಂಚೂರ್..."

"ಎಂತ?"

"ಒಂಚೂರ್ ಕತ್ಲಿ ಅಲ್ದಾ? ದೀಪ ಸಾಲ."

"ನಂಗೆ ಕಾಂತ್ತಲೆ," ಎಂದ. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ: "ಇಂಜಿನ್ ನಾ ಎಷ್ಟ್ ಬಿಚ್ಚಿ ಜೋಡ್ಸ್ರೂ ಅದ್ ಬೇರೆ ಯಾರೋ ಮಾಡ್ದ್. ದೋಣಿ ಬೇರೆಯವ್ರ್ದ್. ಶಾಲಿ ಹ್ಯಾಂಗೂ ಬಿಟ್ಟಾಯ್ತ್. ಇದೊಂದ್ ನಂದ್ ಮಾಡ್ಕಣ್ಕ್ ಅಂದ್ಕಂಡಿದೆ. ಆ ಗಡ್ಡದವ್ನಿಗೆ ಆತ್ತ್ ಅಂದ್ರೆ ನಂಗೂ ಆಯ್ಕ್."

ಇಂಥ ಮಾತಿನ ಎದುರು, ಆ ಗಡ್ಡದವನಿಗೂ ಆಗುವುದಿಲ್ಲ ಮಾರಾಯ ಎಂದು ಹೇಳುವ ಬಾಯಿ ಯಾರಿಗಿದೆ? ನನ್ನ ಹತ್ತಿರ ಊರಿನವರ ಬಾಯಿಯೆಲ್ಲ ಇತ್ತು, ಅದೊಂದು ಇರಲಿಲ್ಲ.

ವಂಡ್ಸೆಯ ಅಜ್ಜ ಎಣ್ಣೆ ತಿಕ್ಕಿ, ಬಟ್ಟೆ ಕಟ್ಟಿ, ಇಪ್ಪತ್ತೊಂದು ದಿನ ಆ ಕೈಯಲ್ಲಿ ಏನನ್ನೂ ಹೊಡೆಯಬಾರದು ಎಂದರು. ಸುಧಾಕರ ಕೇಳಿದ: "ಎಡ್ಗೈ?"

"ಎಡ್ಗೈಗೆ ಎಂತದೂ ಆಯ್ಲಿಲ್ಲ."

"ಕಾಲ್?"

ಅಜ್ಜ ನನ್ನ ಕಡೆ ತಿರುಗಿ, "ಇವ ಎಂತ ಮಾಡ್ತ?" ಎಂದು ಕೇಳಿದರು.

ಇಪ್ಪತ್ತೊಂದು ದಿನ ಅವನು ಎಡಗೈ ಮತ್ತು ಎರಡು ಕಾಲಿನಲ್ಲಿ ಬಾರಿಸಿದ. ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು. ಇಪ್ಪತ್ತೆರಡನೇ ದಿನ ಬಲಗೈ ಸೇರಿದಾಗ ಎಡಗೈ ಅದಕ್ಕಿಂತ ಗಟ್ಟಿಯಾಗಿತ್ತು. ಆಮೇಲಿನ ಗೆರೆಗಳು ಗೋಡೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೊರಟವು.

ಮೂವರೂ ಸೇರಿ ಅಭ್ಯಾಸ ಶುರು ಮಾಡಿದ ದಿನ ಗುಟ್ಟು ಬಯಲಾಗಬೇಕಿತ್ತು. ಐತಾಳ ಗಿಟಾರು ಕಲಿತದ್ದು ಅಂಗಡಿಯ ಕ್ಯಾಸೆಟ್ಟಿನಿಂದ, ಸರಿಯಾದ ವೇಗದಲ್ಲಿ. ಸುಧಾಕರ ಹೊಡೆಯಲು ಹಿಡಿದದ್ದೇ ಐತಾಳ ಒಂದು ಗದ್ದೆ ಹಿಂದೆ ಬಿದ್ದ. ಎಲ್ಲಾದರೂ ಬೇರೆ ಊರಿನವನಾಗಿದ್ದರೆ, ನೀನು ವೇಗ ಹೆಚ್ಚು ಮಾಡಿದೆ ಎನ್ನುತ್ತಿದ್ದ. ಆದರೆ ಲೈವ್ ಎಂದರೆ ಇದೇ ವೇಗ ಎಂದು ತೀರ್ಪು ಕೊಟ್ಟವನು ಅವನೇ ಅಲ್ಲವೆ? ಐತಾಳ ಬೆವರು ಒರೆಸಿಕೊಂಡು, "ಬೆರಳ್ ಬಿಸಿ ಆಯ್ಲಿಲ್ಲ," ಎಂದ. ಮುಂದಿನ ಎರಡು ತಿಂಗಳು ಬೆರಳು ಬಿಸಿ ಮಾಡುವುದರಲ್ಲೇ ಕಳೆದ. ಹಾಡುವವನಾದ ನನ್ನ ಗತಿ ಕೇಳಬೇಡಿ. ಹತ್ತು ಉಸಿರಿನಲ್ಲಿ ಹೇಳುವುದನ್ನು ಒಂಬತ್ತರಲ್ಲಿ ಹೇಳಬೇಕಿತ್ತು. ನಾನು ತೋಡಿದ ಗುಂಡಿಗೆ ನಾನೇ ದಿನಾ ಇಳಿದು, ಆಳ ಸರಿಯಿದೆಯೇ ಎಂದು ನೋಡುತ್ತಿದ್ದೆ.

ಕೊಕ್ಕರ್ಣೆಯ ಹತ್ತಿರದ ಒಂದು ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ನಮಗೆ ಕಾಲು ಗಂಟೆ ಸಿಕ್ಕಿತು. ಛದ್ಮವೇಷದ ನಂತರ, ಬಹುಮಾನ ವಿತರಣೆಯ ಮೊದಲು. ಸಂಜೆಯ ಐದೂವರೆ, ಬಿಸಿಲು ಇನ್ನೂ ವೇದಿಕೆಯ ಮೇಲಿತ್ತು. ಎದುರಿಗೆ ಗದ್ದೆ ಕೆಲಸ ಮುಗಿಸಿ ಬಂದವರು, ಅಜ್ಜಂದಿರು, ಮಕ್ಕಳಿಗೆ ಬಳಿದ ಬಣ್ಣ ಒರೆಸುತ್ತಿದ್ದ ತಾಯಂದಿರು. ಮಂಡಲದವರು ಒಂದು ರಸಮಂಜರಿ ತಂಡದಿಂದ ನಿಜವಾದ ಡ್ರಮ್ಮು ತರಿಸಿದ್ದರು. ಸುಧಾಕರ ನಿಜವಾದ ಡ್ರಮ್ಮಿನ ಎದುರು ಕೂತದ್ದು ಅದೇ ಮೊದಲು. ಐತಾಳ ನನ್ನ ಕಿವಿಯಲ್ಲಿ, "ಅವ ತಪ್ಪ್ರೆ ನಾವ್ ನಿಲ್ಸುದ್ ಬ್ಯಾಡ, ಹಾಂಗೇ ಹೋಪ," ಎಂದ.

ಅವನು ತಪ್ಪಲಿಲ್ಲ. ಒಂದೂವರೆ ನಿಮಿಷಕ್ಕೆ ನನ್ನ ಉಸಿರು ಮುಗಿಯಿತು. ಶಬ್ದ ಬಿಟ್ಟು ಬರೀ ಬಣ್ಣದ ವೇಷದ ಕೂಗು ಹಾಕುತ್ತ ಸ್ವಲ್ಪ ದೂರ ಹೋದೆ, ಆಮೇಲೆ ಅದೂ ನಿಂತಿತು. ಮೂರನೇ ನಿಮಿಷಕ್ಕೆ ಐತಾಳನ ಗಿಟಾರಿನ ತಂತಿ ಟಿಂಗ್ ಎಂದು ಹರಿಯಿತು. ಅವನು ತಂತಿಯನ್ನು ನೋಡಿದ ರೀತಿ ನೋಡಿದರೆ, ಹರಿದದ್ದಕ್ಕೆ ಅದಕ್ಕೆ ಕೈಮುಗಿಯಬೇಕೆಂದು ಅವನಿಗೆ ಅನ್ನಿಸಿದಂತಿತ್ತು. ನಾವಿಬ್ಬರೂ ತಿರುಗಿ ನಿಂತು ಸುಧಾಕರನನ್ನು ನೋಡಿದೆವು. ಅವನು ಕಣ್ಣು ಮುಚ್ಚಿಕೊಂಡಿದ್ದ. ನಾವು ನಿಂತದ್ದು ಅವನಿಗೆ ಗೊತ್ತೇ ಇರಲಿಲ್ಲ. ಉಳಿದ ಒಂದು ನಿಮಿಷ ಒಬ್ಬನೇ ಬಾರಿಸಿದ, ಕೊನೆಯ ಹೊಡೆತದವರೆಗೆ, ಒಂದು ಅಕ್ಕಿಕಾಳಿನಷ್ಟೂ ಹಿಂದೆ ಬೀಳದೆ. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು, ಎದ್ದು ನಿಂತು.

ಬಸ್ಸಿಗೆ ಹೋಗುವ ಮೊದಲು ಚಾ ಕುಡಿಯಲು ಕೂತಾಗ ಹಿಂದಿನ ಬೆಂಚಿನಲ್ಲಿ ಇಬ್ಬರು ಹಿರಿಯರ ತೀರ್ಪು ನಡೆಯುತ್ತಿತ್ತು. ನಮ್ಮ ಗುರುತು ಅವರಿಗೆ ಹತ್ತಲಿಲ್ಲ.

"ಆ ಕೂಗ್ತಿದ್ದವಂಗೆ ಎಂತ ಆಯ್ತಾ? ಯಾರಾರೂ ಒಂದ್ ಗ್ಲಾಸ್ ನೀರ್ ಕೊಡ್ಲಾಗ್ದಾ?"

"ಗಿಟಾರಿನವ ದೇವಸ್ಥಾನದವ ಅಂಬ್ರ್. ನೈವೇದ್ಯಕ್ಕೆ ಹೊತ್ತಾಯ್ತ್ ಕಾಣತ್ತ್, ಮಧ್ಯ ಬಿಟ್ಟ."

"ಬಾರ್ಸ್ದವ?"

ಎರಡನೆಯವರು ಚಾದ ಗ್ಲಾಸನ್ನು ಕೆಳಗಿಟ್ಟು, ತಲೆಯನ್ನು ಎರಡು ಸಲ ಅಡ್ಡ ಆಡಿಸಿದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಆ ರಸಮಂಜರಿ ತಂಡದವರು ಮರುವಾರವೇ ಸುಧಾಕರನನ್ನು ಹುಡುಕಿಕೊಂಡು ತ್ರಾಸಿಗೆ ಬಂದರು. ಅಂದಿನಿಂದ ಇಂದಿನವರೆಗೆ, ಹಗಲು ಇಂಜಿನ್ನು, ಸಂಜೆ ಡ್ರಮ್ಮು. ಈಗ ಗ್ಯಾರೇಜು ಅವನದೇ. ಬೈಂದೂರಿನಿಂದ ಬ್ರಹ್ಮಾವರದವರೆಗೆ ರಸಮಂಜರಿ ಎಂದರೆ ಜನ ಮೊದಲು ಕೇಳುವುದು ಬಾರಿಸುವವ ಸುಧಾಕರನೋ ಎಂದು. ಬಲಗೈಯ ಮಣಿಕಟ್ಟು ಮಾತ್ರ ಮಳೆಗಾಲದಲ್ಲಿ ಇವತ್ತಿಗೂ ಟಕ್ ಎನ್ನುತ್ತದೆ. ಪ್ರತಿ ಟಕ್ಕಿಗೂ ನಾನು ಬೇರೆ ಕಡೆ ನೋಡುತ್ತೇನೆ.

ಆ ವಿಸಿಡಿ ಒಂದು ಮಳೆಗಾಲದಲ್ಲಿ ಬೂಷ್ಟು ಹಿಡಿದು ಸತ್ತಿತು. ಹಿಡಿಸಿದ್ದು ಮಳೆ, ಒರೆಸದೆ ಬಿಟ್ಟದ್ದು ನಾನು. ಆಮೇಲೆ ಇಂಟರ್ನೆಟ್ಟಿನಲ್ಲಿ ಆ ಬ್ಯಾಂಡಿನ ಬೇರೆ ಕಚೇರಿಗಳು ಸಿಕ್ಕವು. ಎಲ್ಲದರಲ್ಲೂ ಕೆಂಪುಗಡ್ಡದವ ನಿಧಾನ. ಐತಾಳನ ಹತ್ತಿರ ಅದಕ್ಕೂ ಅಭಿಪ್ರಾಯ ಇತ್ತು: "ಆ ಒಂದ್ ದಿನ ಅವನ ಮೈಮೇಲೆ ಬಂದಿದ್ದಿತ್." ಅಭಿಮಾನಿಗಳ ತಾಣವೊಂದರಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಬರೆದ. ಬ್ರೆಜಿಲಿನ ಒಬ್ಬ, ಕಿವಿ ತೊಳೆದುಕೊಂಡು ಬಾ ಎಂದು ಉತ್ತರಿಸಿದ. ಪೋಲೆಂಡಿನ ಒಬ್ಬ ಐತಾಳನ ಪಕ್ಷ ವಹಿಸಿ, ತಾನೂ ಹಾಗೆ ಕೇಳಿದ್ದೇನೆ ಎಂದ. ಅವನು ಏನು ಕೇಳಿದ್ದನೋ ದೇವರಿಗೇ ಗೊತ್ತು. ಮೂರು ತಿಂಗಳು ಆ ಯುದ್ಧ 'ಲೈವ್' ಆಗಿತ್ತು. ನನ್ನ ಕಿರುಬೆರಳು ಮೂರು ಖಂಡಗಳಲ್ಲಿ ಜಗಳ ಹಚ್ಚಿ ತಣ್ಣಗೆ ಕೂತಿತ್ತು.

ಅದೇ ಕಚೇರಿ ಈಗ ಸಿಕ್ಕಿದೆ.

ಆಯ್ತವಾರ ಮಧ್ಯಾಹ್ನ ತ್ರಾಸಿಗೆ ಹೋದೆ. ಈ ಸಲ ಹೇಳಿಯೇ ಹೇಳುತ್ತೇನೆ ಎಂದು ನಿಶ್ಚಯಿಸಿಕೊಂಡಿದ್ದೆ; ಬಸ್ಸಿನಲ್ಲಿ ಬಾಯಿಪಾಠವನ್ನೂ ಮಾಡಿದ್ದೆ. ಐತಾಳ ಪೂಜೆ ಮುಗಿಸಿ, ಪಂಚೆಯಲ್ಲೇ ಸ್ಕೂಟರಿನಲ್ಲಿ ಬಂದ. ಬಿಚ್ಚಿಟ್ಟ ಒಂದು ಇಂಜಿನ್ನಿನ ಪಕ್ಕ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಸುಧಾಕರ ಮೊಬೈಲನ್ನು ಒರಗಿಸಿ ನಿಲ್ಲಿಸಿದ. ಮೂವರೂ ಬಗ್ಗಿ ಕೂತೆವು.

ಕೆಂಪುಗಡ್ಡದವ ಶುರು ಮಾಡಿದ. ಅರ್ಧ ನಿಮಿಷಕ್ಕೆ ಐತಾಳ, "ಇದ್ ಬೇರೆ ದಿನದ್ದ್," ಎಂದ.

"ಅಲ್ಲ. ಅದೇ ದಿನ," ಎಂದ ಸುಧಾಕರ. "ಕಾಣ್, ಬಾವುಟ ಹಿಡ್ಕಂಡ್ ಹೆಗ್ಲ್ ಮೇಲೆ ಕೂಕಂಡ ಹುಡ್ಗಿ."

"ಹಂಗಾರೆ ಎಂತಕ್ಕೆ ಇಷ್ಟ್ ನಿಧಾನ?"

ಐತಾಳ ಮೊಬೈಲನ್ನು ಎತ್ತಿಕೊಂಡು, ಕೆಳಗೆ ಅಭಿಮಾನಿಗಳು ಬರೆದದ್ದನ್ನು ಓದಲು ಹಿಡಿದ. ಒಬ್ಬ, ಇದು ಅವರ ಅತ್ಯುತ್ತಮ ಕಚೇರಿ ಎಂದಿದ್ದ. ಇನ್ನೊಬ್ಬ, ಅತ್ಯಂತ ಕೆಟ್ಟದ್ದು ಎಂದಿದ್ದ. ಮತ್ತೊಬ್ಬ, ಆ ದಿನ ಡ್ರಮ್ಮಿನವನಿಗೆ ಜ್ವರ ಇತ್ತು ಎಂದಿದ್ದ. "ಕಂಡ್ರ್ಯಾ, ಜ್ವರ," ಎಂದು ಐತಾಳ ತಲೆ ಎತ್ತಿದ. ಅವನ ಮುಖದಲ್ಲಿ ನೆಮ್ಮದಿ. ನನಗೂ ಒಂದು ಬಾಗಿಲು ತೆರೆದಂತಾಯಿತು. ಜ್ವರ ಎಂದು ನಾನೂ ಒಪ್ಪಿ, ಚಾ ಕುಡಿದು ಬಸ್ಸು ಹತ್ತಬಹುದಿತ್ತು.

"ಜ್ವರ ಅಲ್ಲ," ಎಂದೆ. "ಅವ ಬಾರ್ಸದ್ದೇ ಹಿಂಗೆ. ಆವತ್ತ್ ಕಂಪ್ಯೂಟ್ರಗೆ ನಾ ಗುಂಡಿ ಒತ್ತಿ ಸ್ಪೀಡ್ ಏರ್ಸಿದ್ದೆ. ನಿನ್ ಕ್ಯಾಸೆಟ್ಟಿಗೆ ತುಂಬ್ಸದ್ದೂ ಅದನ್ನೇ."

ಯಾರ ದನಿಯಲ್ಲೂ ಅಲ್ಲ, ನನ್ನ ದನಿಯಲ್ಲೇ ಹೇಳಿದೆ. ಅದು ನನ್ನ ಕಿವಿಗೆ ಅಪರಿಚಿತವಾಗಿ ಕೇಳಿಸಿತು.

ಐತಾಳ ಬಹಳ ಹೊತ್ತು ಬಕೆಟ್ಟನ್ನೇ ನೋಡಿದ. ಹದಿಮೂರು ವರ್ಷದ ಅಭಿಪ್ರಾಯಗಳು ಒಂದೊಂದೇ ಅವನೊಳಗೆ ಮಗುಚಿ ಬೀಳುವುದು ಹೊರಗಿನಿಂದಲೇ ಕಾಣುತ್ತಿತ್ತು. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದ: "ಶ್ರುತಿ?"

"ಅದೂ ಅದೇ ಗುಂಡಿ."

ಸುಧಾಕರ ಅವನ ಕೈಯಿಂದ ಮೊಬೈಲು ತೆಗೆದು ಮತ್ತೆ ಬಕೆಟ್ಟಿನ ಮೇಲೆ ನಿಲ್ಲಿಸಿದ. ವಿಡಿಯೊವನ್ನು ಮೊದಲಿಂದ ಹಾಕಿ, ಮತ್ತೆ ಪೂರ್ತಿ ನೋಡಿದ. ಅವನ ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಇದ್ದವು. ಅದನ್ನು ನೋಡಲಾರದೆ ನಾನು ಮಾತಿನ ಚೀಲ ಬಿಚ್ಚಿದೆ. ಎಲ್ಲ ನನ್ನಿಂದಲೇ ಆಯಿತು ಎಂದೆ. ಕೈ ಬಾತದ್ದು ನನ್ನಿಂದ, ಯಜಮಾನನ ಬೈಗುಳ ನನ್ನಿಂದ, ಮಳೆಗಾಲದ ಟಕ್ ನನ್ನಿಂದ. ಮಾತಾಡುತ್ತ ಮಾತಾಡುತ್ತ ನನಗೇ ನನ್ನ ತಪ್ಪಿನ ಬಗ್ಗೆ ಒಂದು ಬಗೆಯ ಗೌರವ ಬರತೊಡಗಿತು. ಆ ವೇಗ ನಾನು ಕೊಟ್ಟದ್ದು, ಆ ವೇಗದಿಂದಲೇ ನೀನು ಹೀಗಾದೆ, ಹಾಗೆ ನೋಡಿದರೆ ನೀನು ಇವತ್ತು ಏನಾಗಿದ್ದೀಯೋ ಅದೂ ನನ್ನಿಂದಲೇ ಎಂಬಲ್ಲಿಯತನಕ ಬಂದು ಮುಟ್ಟಿದೆ.

ಸುಧಾಕರ ವೇಸ್ಟ್ ಬಟ್ಟೆ ಎತ್ತಿಕೊಂಡು ಕೈ ಒರೆಸಿದ. ಬಗ್ಗಿ, ಇಂಜಿನ್ನಿನ ಪಕ್ಕದಿಂದ ಸ್ಪ್ಯಾನರ್ ತೆಗೆದುಕೊಂಡ. ನನ್ನ ಕಡೆ ತಿರುಗಿ ನೋಡದೆ ಹೇಳಿದ:

"ನೀ ಒತ್ತದ್ದ್ ಗುಂಡಿ. ಬಾರ್ಸದ್ದ್ ನಾನ್. ಅದ್ರಗೆ ಪಾಲ್ ಕೇಂಬುಕೆ ಬರ್ಬೇಡ."